ಹದಿನಾಲ್ಕರ ಹೊಸಿಲಿನಲ್ಲಿ ಯಾನುಷ್ ಕೊರ್ಚಾಕ್

ಯಾನುಷ್ ಕೊರ್ಚಾಕ್ ನಮ್ಮ ತರಗತಿಗೆ ಬರುವುದು ಮಕ್ಕಳ ಹಕ್ಕುಗಳ ಘಟಕದಲ್ಲಿ, ಅದೂ ಅವರ ಸಾವಿನ ಮೂಲಕ. 1942ರ ಆಗಸ್ಟ್‌ನಲ್ಲಿ ನಾಜಿಗಳು ವಾರ್ಸಾದ ಅನಾಥಾಲಯವೊಂದರ ಸುಮಾರು 200 ಮಕ್ಕಳನ್ನು ತ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಸಾಗಿಸಿದಾಗ, ತಪ್ಪಿಸಿಕೊಳ್ಳಲು ಅವಕಾಶವಿದ್ದರೂ ಮಕ್ಕಳ ಜೊತೆಗೇ ಹೋದ ವೈದ್ಯ ಅವರು. ಆ ಸಾವು ಎಷ್ಟು ದೊಡ್ಡದೆಂದರೆ ಅದಕ್ಕೂ ಹಿಂದಿನ 30 ವರ್ಷಗಳ ದಿನನಿತ್ಯದ ಕೆಲಸ ಅದರ ಹಿಂದೆ ಮರೆಯಾಗಿಬಿಟ್ಟಿದೆ. ನಾನು ಅವರ ಬಗ್ಗೆ ಓದಲು ಹೊರಟದ್ದು ಒಂದು ಸಣ್ಣ ಪ್ರಶ್ನೆ ಇಟ್ಟುಕೊಂಡು: ಅವರ ಮನೆಯಲ್ಲಿ ಬೆಳೆದ ಮಕ್ಕಳು ವಯಸ್ಸು ತುಂಬಿ ಹೊರಡುವಾಗ ಅವರು ಏನು ಮಾಡುತ್ತಿದ್ದರು?

ಈ ಪ್ರಶ್ನೆ ಹುಟ್ಟಿದ್ದು ಬೋಧನಾಭ್ಯಾಸದ ಶಾಲೆಯಲ್ಲಿ. ನನ್ನ ಗಣಿತ ತರಗತಿಗೆ ಬಾಲಮಂದಿರದಿಂದ ಮೂವರು ಹುಡುಗರು ಬರುತ್ತಿದ್ದರು. ಲಾಭ–ನಷ್ಟದ ಮೇಲೆ ಮಕ್ಕಳೇ ಲೆಕ್ಕಗಳನ್ನು ರಚಿಸಲಿ ಎಂದು ಒಂದು ದಿನ ಕೊಟ್ಟಿದ್ದೆ. ಮೂವರಲ್ಲಿ ಒಬ್ಬನ ಲೆಕ್ಕದಲ್ಲಿ ಅಕ್ಕಿ ಕಿಲೋಗೆ 8 ರೂಪಾಯಿ, ಒಂದು ಪೆನ್ನಿಗೆ 100 ರೂಪಾಯಿ. ಬಿಡಿಸಿದ ಕ್ರಮವೆಲ್ಲ ಸರಿ. ಅಂಗಡಿಯಲ್ಲಿ ನಿಂತು ಏನನ್ನಾದರೂ ಕೊಂಡುಕೊಳ್ಳುವ ಸಂದರ್ಭವೇ ಅವನಿಗೆ ಬಂದಿರಲಿಲ್ಲ. ಇನ್ನು ಮೂರು ವರ್ಷಕ್ಕೆ ಅವನು ಬಾಲಮಂದಿರ ಬಿಡಬೇಕು.

ಕೊರ್ಚಾಕ್ ಅವರ ನಿಜವಾದ ಹೆಸರು ಹೆನ್ರಿಕ್ ಗೋಲ್ಡ್‌ಷ್ಮಿತ್. ಹುಟ್ಟಿದ್ದು ವಾರ್ಸಾದ ಯಹೂದಿ ಕುಟುಂಬದಲ್ಲಿ, 1878ರಲ್ಲೋ 1879ರಲ್ಲೋ; ತಂದೆ ನೋಂದಣಿ ಮಾಡಿಸಲು ತಡಮಾಡಿದ್ದರಿಂದ ವರ್ಷ ಖಚಿತವಾಗಲೇ ಇಲ್ಲ. ತಂದೆ ವಕೀಲರು. ಅವರು ಮಾನಸಿಕ ಕಾಯಿಲೆಯಿಂದ ನರಳಿ 1896ರಲ್ಲಿ ತೀರಿಕೊಂಡರು. ಹೈಸ್ಕೂಲು ಓದುತ್ತಿದ್ದ ಹುಡುಗ ಮನೆಪಾಠ ಹೇಳಿ ಸಂಸಾರಕ್ಕೆ ನೆರವಾಗಬೇಕಾಯಿತು. ಯಾರೂ ಸಿದ್ಧಪಡಿಸದೆ ದೊಡ್ಡವನಾಗುವುದು ಎಂದರೇನು ಎಂಬುದು ಅವರಿಗೆ ಸ್ವಂತ ಅನುಭವದಿಂದಲೇ ಗೊತ್ತಿತ್ತು ಎಂದು ನಾನು ತಿಳಿದುಕೊಂಡಿದ್ದೇನೆ. ಮುಂದೆ ವೈದ್ಯಕೀಯ ಓದಿದರು, ಮಕ್ಕಳ ಆಸ್ಪತ್ರೆಯಲ್ಲಿ ಏಳು ವರ್ಷ ದುಡಿದರು, ಲೇಖಕರಾಗಿ ಹೆಸರು ಮಾಡಿದರು. 1912ರಲ್ಲಿ ಕ್ರೋಖ್ಮಾಲ್ನಾ ಬೀದಿಯ 92ನೇ ನಂಬರಿನ ಹೊಸ ಕಟ್ಟಡದಲ್ಲಿ ಯಹೂದಿ ಮಕ್ಕಳ ಅನಾಥಾಲಯ ಆರಂಭವಾದಾಗ ಅದರ ನಿರ್ದೇಶಕರಾದರು. ಮನೆಯನ್ನು ದಿನದಿನವೂ ನಡೆಸಿದವರು ಸ್ತೆಫಾನಿಯಾ ವಿಲ್ಚಿನ್‌ಸ್ಕಾ. ಮಕ್ಕಳು ಅವರನ್ನು ಸ್ತೆಫಾ ಎಂದೇ ಕರೆಯುತ್ತಿದ್ದರು. ಕೊರ್ಚಾಕ್ ಬಗ್ಗೆ ಬರೆಯುವವರು ಈಕೆಯನ್ನು ಒಂದು ಸಾಲಿನಲ್ಲಿ ಮುಗಿಸುವುದು ನನಗೆ ಅನ್ಯಾಯವೆನಿಸುತ್ತದೆ.

ಏಳರಿಂದ ಹದಿನಾಲ್ಕು ವರ್ಷದ ಸುಮಾರು 100 ಮಕ್ಕಳು ಅಲ್ಲಿದ್ದರು. ಅಲ್ಲಿದ್ದ ಮಕ್ಕಳ ನ್ಯಾಯಾಲಯದ ವಿಷಯ ನಮ್ಮಲ್ಲಿ ಹಲವರಿಗೆ ಗೊತ್ತು: ನ್ಯಾಯಾಧೀಶರೂ ಮಕ್ಕಳೇ, ದೊಡ್ಡವರ ಮೇಲೂ ದೂರು ಕೊಡಬಹುದು, ಕಲಮುಗಳಲ್ಲಿ ಬಹುಪಾಲು ಕ್ಷಮಿಸುವಂಥವು. ನನ್ನ ಗಮನ ಸೆಳೆದದ್ದು ಅದಕ್ಕಿಂತ ಚಿಕ್ಕ ಏರ್ಪಾಡುಗಳು. ಮನೆಯಲ್ಲೊಂದು ಅಂಚೆಪೆಟ್ಟಿಗೆ ಇತ್ತು. ಬೇಕಾದದ್ದನ್ನು, ದೂರನ್ನು, ಸಂದೇಹವನ್ನು ಮಗು ಬರೆದು ಹಾಕಿ ಉತ್ತರಕ್ಕೆ ಕಾಯಬೇಕು. ಬರೆಯಲು ಕೂತಾಗ ತನಗೆ ನಿಜವಾಗಿ ಬೇಕಾದದ್ದೇನು ಎಂದು ಯೋಚಿಸಲೇಬೇಕಾಗುತ್ತದೆ. ಅರ್ಜಿ ಬರೆಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಕಾಣಲಿಲ್ಲ. ಮಕ್ಕಳ ನಡುವಿನ ಕೊಡು-ಕೊಳ್ಳುವಿಕೆಯನ್ನು ಒಂದು ಪುಸ್ತಕದಲ್ಲಿ ದಾಖಲಿಸುತ್ತಿದ್ದರು. ಸಣ್ಣ ಅಂಗಡಿಯೂ ಇತ್ತು. ಗುಡಿಸುವುದು, ಬಡಿಸುವುದು, ಪಾತ್ರೆ ಎತ್ತುವುದು ಎಲ್ಲವೂ ಮಕ್ಕಳ ಸರದಿ ಕೆಲಸ. ಅರ್ಧ ಗಂಟೆಯ ದುಡಿಮೆಗೆ ಒಂದು ಅಂಕ, 500 ಅಂಕ ಕೂಡಿದರೆ ನೆನಪಿನ ಚಿತ್ರವಿರುವ ಒಂದು ಪೋಸ್ಟ್‌ಕಾರ್ಡು. ಹೊಸದಾಗಿ ಬಂದ ಮಗುವಿಗೆ ಮೂರು ತಿಂಗಳು ಹಳೆಯ ಮಗುವೊಂದು ಪೋಷಕ. ಸಂಸ್ಥೆಯ ಮಕ್ಕಳಿಗೆ ಸಾಮಾನ್ಯವಾಗಿ ಎಲ್ಲವೂ ಕೈಗೇ ಬರುತ್ತದೆ, ಯಾವುದನ್ನೂ ಅವರು ತೀರ್ಮಾನಿಸಬೇಕಿಲ್ಲ. ಅಂಥ ಕಡೆ ಇವೆಲ್ಲ ಸ್ವಂತ ಕಾಲಿನ ಮೇಲೆ ನಿಲ್ಲುವ ಪಾಠಗಳೇ ಆಗಿದ್ದವು. ವಿಜ್ಞಾನದ ವಿದ್ಯಾರ್ಥಿಯಾದ ನನಗೆ ಇನ್ನೊಂದು ಸಂಗತಿಯೂ ಹಿಡಿಸಿತು: ವೈದ್ಯರು ಪ್ರತಿ ವಾರ ಮಕ್ಕಳ ತೂಕ ತೆಗೆದು ಬರೆದಿಡುತ್ತಿದ್ದರು.

ಆದರೆ ಹದಿನಾಲ್ಕು ತುಂಬಿತೆಂದರೆ ಮನೆ ಬಿಡಬೇಕು. ಅದು ಅಲ್ಲಿಯ ನಿಯಮ. ಹೊಸ ಮಗುವಿಗೆ ಜಾಗ ಬೇಕಿತ್ತು. ಬಹಳ ಮಕ್ಕಳು ತಾಯಿಯೋ ಅಜ್ಜಿಯೋ ಇದ್ದ ಒಂದೇ ಕೋಣೆಯ ಬಡತನಕ್ಕೆ ಮರಳಿದರು, ಅಥವಾ ದರ್ಜಿಯ ಬಳಿ, ಬಡಗಿಯ ಬಳಿ ಕೆಲಸ ಕಲಿಯಲು ಸೇರಿದರು. ಒಳಗೆ ನ್ಯಾಯಾಲಯ, ಹೊರಗೆ ಮಾಲೀಕನ ಏಟು. ತಮ್ಮನ್ನು ಹೊರಗಿನ ಲೋಕಕ್ಕೆ ಸಿದ್ಧಪಡಿಸಲಿಲ್ಲ ಎಂದು ಮನೆ ಬಿಟ್ಟ ಕೆಲವರು ಮುಂದೆ ಕೊರ್ಚಾಕ್ ಅವರನ್ನೇ ದೂರಿದ್ದುಂಟು. ಆ ದೂರನ್ನು ತಳ್ಳಿಹಾಕುವಂತಿಲ್ಲ. ಹೊರಡುವ ಮಕ್ಕಳಿಗೆ ತಾವು ಕೊಡಬಲ್ಲದ್ದು ಬಹಳ ಕಡಿಮೆ ಎಂದು ಅವರೂ ಮುಚ್ಚಿಡದೆ ಹೇಳುತ್ತಿದ್ದರು.

1920ರ ದಶಕದಲ್ಲಿ ಆರಂಭವಾದ ಬುರ್ಸಾ ಈ ಕೊರತೆಗೆ ಅವರು ಕಂಡುಕೊಂಡ ಒಂದು ಉತ್ತರ. ಬುರ್ಸಾ ಎಂದರೆ ಅದೇ ಕಟ್ಟಡದಲ್ಲಿ ದೊಡ್ಡ ಹುಡುಗ ಹುಡುಗಿಯರಿಗೆ ವಸತಿ. ಮನೆಯಲ್ಲೇ ಬೆಳೆದು ಓದು ಮುಂದುವರಿಸಬೇಕೆನ್ನುವವರು ಅಲ್ಲಿ ಉಳಿಯಬಹುದಿತ್ತು. ಶಿಕ್ಷಕರಾಗಲು ಓದುತ್ತಿದ್ದ ಹೊರಗಿನ ಯುವಕ ಯುವತಿಯರೂ ಇದ್ದರು. ಊಟ, ಹಾಸಿಗೆ ಉಚಿತ. ಬದಲಿಗೆ ದಿನಕ್ಕೆ ಕೆಲವು ಗಂಟೆ ಚಿಕ್ಕವರ ಜೊತೆ ಕೆಲಸ. ಅಲ್ಲಿಗೆ ಸೇರಿದ ಹುಡುಗ ಇನ್ನು ಸಾಕಿಸಿಕೊಳ್ಳುವವನೂ ಅಲ್ಲ, ಪೂರ್ತಿ ಸಿಬ್ಬಂದಿಯೂ ಅಲ್ಲ. ಪ್ರತಿಯೊಬ್ಬರ ಬಳಿ ಒಂದು ನೋಟ್‌ಪುಸ್ತಕ. ಆ ದಿನ ಕಂಡದ್ದು, ತಿಳಿಯದೆ ಉಳಿದದ್ದು, ಕೋಪ ಬಂದದ್ದು ಎಲ್ಲವನ್ನೂ ಬರೆಯಬೇಕು. ಸ್ತೆಫಾ ಅದನ್ನು ಓದಿ ಅಂಚಿನಲ್ಲಿ ಉತ್ತರ ಬರೆಯುತ್ತಿದ್ದರು. ನಮ್ಮ ಬೋಧನಾಭ್ಯಾಸದ ದಿನಚರಿಗೆ ಮಾರ್ಗದರ್ಶಕರು ಸಹಿ ಹಾಕುತ್ತಾರೆ. ಉತ್ತರ ಬರೆಯುವವರು ಅಪರೂಪ. (ನನ್ನ ಮಾರ್ಗದರ್ಶಕರು ಎರಡು ಸಲ ಬರೆದಿದ್ದಾರೆ, ಎರಡನ್ನೂ ಇಟ್ಟುಕೊಂಡಿದ್ದೇನೆ.)

ಬುರ್ಸಾದಲ್ಲಿ ಜಾಗ ಸಿಕ್ಕಿದ್ದು ಕೆಲವರಿಗೆ ಮಾತ್ರ. ಆದರೂ ಅದರ ಹಿಂದಿನ ತಿಳಿವಳಿಕೆ ನನಗೆ ಮುಖ್ಯವೆನಿಸುತ್ತದೆ. ಒಂದು ಹುಟ್ಟುಹಬ್ಬದ ಬೆಳಗ್ಗೆ ಯಾರೂ ಒಮ್ಮೆಗೇ ದೊಡ್ಡವರಾಗುವುದಿಲ್ಲ. ನಡುವೆ ಕೆಲವು ವರ್ಷ ಬೇಕು, ಒಂದು ಕೋಣೆ ಬೇಕು, ಮಾಡಲು ಕೆಲಸ ಬೇಕು, ಬರೆದದ್ದನ್ನು ಓದುವ ಹಿರಿಯರೊಬ್ಬರು ಬೇಕು. ನಮ್ಮ 2015ರ ಬಾಲನ್ಯಾಯ ಕಾಯ್ದೆ ಹೇಳುವುದೂ ಹೆಚ್ಚು ಕಡಿಮೆ ಇದನ್ನೇ. 18 ತುಂಬಿ ಸಂಸ್ಥೆ ಬಿಟ್ಟವರಿಗೆ 21ರವರೆಗೆ ಹಣಕಾಸಿನ ಹಾಗೂ ಇತರ ನೆರವು ಕೊಡಬಹುದು. ಅದಕ್ಕೆ ಅನುಪಾಲನೆ ಎಂದು ಹೆಸರು. ನನ್ನ ಜೊತೆಯ ಪ್ರಶಿಕ್ಷಣಾರ್ಥಿಗಳಲ್ಲಿ ಕೇಳಿ ನೋಡಿದೆ. ಈ ಪದ ಯಾರಿಗೂ ಗೊತ್ತಿರಲಿಲ್ಲ. ಬಾಲಮಂದಿರದ ಮಗುವಿನ ವರ್ಗಾವಣೆ ಪತ್ರ, ಅಂಕಪಟ್ಟಿ ಎಲ್ಲವೂ ಹಾದುಹೋಗುವುದು ಶಿಕ್ಷಕರ ಮೇಜಿನ ಮೇಲೆ. ಅನುಪಾಲನೆಯ ಸುದ್ದಿಯನ್ನು ಆ ಮಗುವಿಗೆ ಮುಟ್ಟಿಸುವ ಕೆಲಸವೂ ನಮ್ಮ ಪಾಲಿಗೇ ಬರುತ್ತದೆ.

1930ರ ದಶಕದಲ್ಲಿ ಪೋಲೆಂಡಿನಲ್ಲಿ ಯಹೂದಿ ದ್ವೇಷ ಹೆಚ್ಚಿತು, ಯುವಕರಿಗೆ ಕೆಲಸ ಸಿಗುವುದು ಕಷ್ಟವಾಯಿತು. ಕೊರ್ಚಾಕ್ 1934ರಲ್ಲಿ, ಮತ್ತೆ 1936ರಲ್ಲಿ ಪ್ಯಾಲೆಸ್ಟೈನಿಗೆ ಹೋದರು. ಅಲ್ಲಿ ನೆಲೆಸಿದ್ದ ತಮ್ಮ ಹಳೆಯ ಮಕ್ಕಳನ್ನು, ಬುರ್ಸಾದಲ್ಲಿ ಇದ್ದವರನ್ನು ಕಂಡರು. ಸ್ತೆಫಾ ಅಲ್ಲೇ ಉಳಿಯಬಹುದಿತ್ತು. 1939ರಲ್ಲಿ ಅವರು ವಾರ್ಸಾಗೆ ವಾಪಸಾದರು. 1940ರ ಕೊನೆಯಲ್ಲಿ ಅನಾಥಾಲಯವನ್ನು ಗೋಡೆ ಕಟ್ಟಿದ ಘೆಟ್ಟೋದೊಳಗೆ ಸಾಗಿಸಲಾಯಿತು. ಕೊರ್ಚಾಕ್ ದಿನವೂ ಮಕ್ಕಳ ಅನ್ನಕ್ಕಾಗಿ ಬೇಡಲು ಹೊರಡುತ್ತಿದ್ದರು. 1942ರ ಜುಲೈ 18ರಂದು ಮಕ್ಕಳು ರವೀಂದ್ರನಾಥ ಠಾಕೂರರ ‘ಡಾಕ್‌ಘರ್’ ನಾಟಕ ಆಡಿದರು. ಕೋಣೆಯೊಳಗೆ ಕಾಯಿಲೆ ಬಿದ್ದ ಹುಡುಗ ಕಿಟಕಿಯಿಂದ ಹೊರಗಿನ ಲೋಕವನ್ನು ನೋಡುತ್ತ, ರಾಜನ ಪತ್ರಕ್ಕೆ ಕಾಯುವ ಕಥೆ ಅದು. ಮೂರು ವಾರದೊಳಗೆ ಎಲ್ಲರನ್ನೂ ರೈಲಿಗೆ ಹತ್ತಿಸಿದರು. ಸ್ತೆಫಾ ಕೂಡ ಅದೇ ರೈಲಿನಲ್ಲಿದ್ದರು.

ಅಂಚೆಪೆಟ್ಟಿಗೆ, ಸರದಿ ಕೆಲಸ, ಅಂಚಿನ ಬರಹ ಇವುಗಳ ಬಗ್ಗೆ ಇಂದು ನಮಗೆ ಗೊತ್ತಿರುವ ಎಷ್ಟೋ ಸಂಗತಿ ಬಂದದ್ದು ಮನೆ ಬಿಟ್ಟು ಹೋಗಿ ಯುದ್ಧದಲ್ಲಿ ಬದುಕುಳಿದವರಿಂದ. ಬುರ್ಸಾದಲ್ಲಿದ್ದು ಶಿಕ್ಷಕಿಯಾದ ಈದಾ ಮೆರ್ಝಾನ್ ಅವರಲ್ಲಿ ಒಬ್ಬರು. ಸ್ತೆಫಾ ಅವರ ನೋಟ್‌ಪುಸ್ತಕವನ್ನೂ ಓದಿ ಉತ್ತರ ಬರೆಯುತ್ತಿದ್ದರು.