ಮಾತಿಗೆ ಮುಡಿಪಾದ ಹಣ

ದೂರವಾಣಿಯ ನಿರ್ಮಾತೃ ಅಲೆಗ್ಸಾಂಡರ್ ಗ್ರಹಾಂ ಬೆಲ್ಲರ ಹೆಸರನ್ನು ಕೇಳದವರು ವಿರಳ. ಆದರೆ ತಾವು ಕಿವುಡ ಮಕ್ಕಳ ಉಪಾಧ್ಯಾಯರೆಂದು ಹೇಳಿಕೊಳ್ಳುವುದೇ ಅವರಿಗೆ ಪ್ರಿಯವಾಗಿತ್ತು.

ಅವರು 1847ರ ಮಾರ್ಚ್ 3ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದರು. ತಾಯಿ ಎಲೈಜಾ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ತಂದೆ ಮೆಲ್ವಿಲ್ ಬೆಲ್ ಉಚ್ಚಾರಣಾಶಾಸ್ತ್ರದಲ್ಲಿ ಪಂಡಿತರು. ಒಂದು ಧ್ವನಿಯನ್ನು ನುಡಿಯುವಾಗ ಕಂಠ, ನಾಲಗೆ, ತುಟಿಗಳು ಯಾವ ಸ್ಥಾನದಲ್ಲಿರುತ್ತವೆಂಬುದನ್ನು ತೋರಿಸುವ ಲಿಪಿಯೊಂದನ್ನು ಅವರು ರಚಿಸಿದ್ದರು. ಕಂಠ್ಯ, ತಾಲವ್ಯ, ಓಷ್ಠ್ಯಗಳೆಂಬ ವಿಂಗಡಣೆಯನ್ನು ವ್ಯಾಕರಣದಲ್ಲಿ ಓದಿದ ವಿದ್ಯಾರ್ಥಿಗಳಿಗೆ ಇದು ತೀರ ಅಪರಿಚಿತವೆನಿಸದು.

1871ರಲ್ಲಿ ಬೆಲ್ಲರು ಅಮೆರಿಕದ ಬಾಸ್ಟನ್ ನಗರಕ್ಕೆ ಬಂದು, ಕಿವುಡ ಮಕ್ಕಳಿಗೆ ಈ ಲಿಪಿಯ ನೆರವಿನಿಂದ ಮಾತು ಕಲಿಸತೊಡಗಿದರು. ಈ ವಿದ್ಯೆ ಗುಂಪಿನಲ್ಲಿ ಸುಲಭವಾಗಿ ಬರುವಂಥದಲ್ಲ. ತನ್ನ ಧ್ವನಿಯನ್ನು ತಾನೇ ಕೇಳಲಾರದ ಮಗುವಿನೆದುರು ಗುರುವು ಒಂದೊಂದು ಅಕ್ಷರಕ್ಕೂ ದಿನಗಟ್ಟಲೆ ಕುಳಿತಿರಬೇಕು. ಆದ್ದರಿಂದ ವೆಚ್ಚವೂ ಅಧಿಕ. ನಾರ್ಥಾಂಪ್ಟನ್ ಊರಿನಲ್ಲಿ 1867ರಲ್ಲಿ ಇಂತಹ ಶಾಲೆಯೊಂದು ಸ್ಥಾಪನೆಯಾದುದು ಜಾನ್ ಕ್ಲಾರ್ಕ್ ಎಂಬ ದಾನಿ ನೀಡಿದ 50,000 ಡಾಲರುಗಳ ಬಲದಿಂದ. ಅದಕ್ಕಾಗಿ ಶಾಸನಸಭೆಯ ಮುಂದೆ ವಾದಿಸಿದವರು ಗಾರ್ಡಿನರ್ ಹಬರ್ಡ್. ಅವರ ಮಗಳು ಮೇಬಲ್ ಐದನೆಯ ವಯಸ್ಸಿನಲ್ಲಿ ಜ್ವರದಿಂದ ಶ್ರವಣಶಕ್ತಿಯನ್ನು ಕಳೆದುಕೊಂಡಿದ್ದಳು.

ಬೆಲ್ಲರಿಗೆ ಶಿಷ್ಯರೇ ಆಸರೆಯಾದರು. ಜಾರ್ಜ್ ಸ್ಯಾಂಡರ್ಸ್ ಎಂಬ ಬಾಲಕನಿಗೆ ಕಲಿಸಿದುದಕ್ಕಾಗಿ ಅವನ ಅಜ್ಜಿಯ ಮನೆಯಲ್ಲಿ ಅವರಿಗೆ ಊಟ, ವಸತಿ ದೊರೆತವು. ರಾತ್ರಿಯ ವೇಳೆ ಅಲ್ಲಿಯೇ ಅವರ ಪ್ರಯೋಗಗಳು ನಡೆಯುತ್ತಿದ್ದವು. ಆ ಪ್ರಯೋಗಗಳಿಗೆ ಹಣ ಒದಗಿಸಿದವರು ಜಾರ್ಜನ ತಂದೆ ಮತ್ತು ಹಬರ್ಡ್. 1876ರಲ್ಲಿ ದೂರವಾಣಿಯ ಹಕ್ಕುಪತ್ರ ಬೆಲ್ಲರ ಕೈಸೇರಿತು. ಮರುವರ್ಷ ಅವರು ತಮ್ಮ ಶಿಷ್ಯೆಯೇ ಆಗಿದ್ದ ಮೇಬಲ್‌ಳನ್ನು ವಿವಾಹವಾದರು.

ಹೀಗೆ ಮಕ್ಕಳ ಮನೆಗಳಿಂದ ಬಂದ ನೆರವು ಮಕ್ಕಳಿಗೇ ಹಿಂದಿರುಗಿದ ಬಗೆ ಸ್ವಾರಸ್ಯವಾದುದು. 1880ರಲ್ಲಿ ಫ್ರಾನ್ಸ್ ಸರ್ಕಾರವು ಬೆಲ್ಲರಿಗೆ 50,000 ಫ್ರಾಂಕುಗಳ ವೋಲ್ಟಾ ಬಹುಮಾನವನ್ನಿತ್ತು ಗೌರವಿಸಿತು. ಆ ಹಣದಿಂದ ಅವರು ವಾಷಿಂಗ್ಟನ್ನಿನಲ್ಲಿ ಪ್ರಯೋಗಶಾಲೆಯನ್ನು ತೆರೆದರು. ಅಲ್ಲಿ ಅವರೂ ಅವರ ಇಬ್ಬರು ಸಹಚರರೂ ಮೇಣದ ಮೇಲೆ ಧ್ವನಿಯನ್ನು ಮುದ್ರಿಸುವ ಯಂತ್ರವನ್ನು ನಿರ್ಮಿಸಿದರು. ಅದರ ಹಕ್ಕುಗಳ ಮಾರಾಟದಿಂದ ತಮಗೆ ಬಂದ ಪಾಲನ್ನು ಬೆಲ್ಲರು ಕಿವುಡರಿಗಾಗಿ ಮೀಸಲಿಟ್ಟು, 1887ರಲ್ಲಿ ವೋಲ್ಟಾ ಬ್ಯೂರೋ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಕಿವುಡರ ಶಿಕ್ಷಣಕ್ಕೆ ಸಂಬಂಧಿಸಿದ ತಿಳಿವಳಿಕೆಯನ್ನು ಸಂಗ್ರಹಿಸಿ ಹರಡುವುದು ಅದರ ಕಾರ್ಯ. 1893ರಲ್ಲಿ ಅದರ ಹೊಸ ಕಟ್ಟಡಕ್ಕಾಗಿ ಮೊದಲ ಹಿಡಿ ಮಣ್ಣನ್ನು ಅಗೆದವಳು ಕಣ್ಣು ಕಿವಿಗಳೆರಡನ್ನೂ ಕಳೆದುಕೊಂಡಿದ್ದ ಹನ್ನೆರಡರ ಬಾಲೆ ಹೆಲನ್ ಕೆಲ್ಲರ್. ಆರು ವರ್ಷದವಳಾಗಿದ್ದಾಗ ಅವಳ ತಂದೆಗೆ ಶಿಕ್ಷಣದ ದಾರಿ ತೋರಿದವರೂ ಬೆಲ್ಲರೇ.

ಅವರ ವಿಚಾರಗಳೆಲ್ಲವೂ ದೋಷರಹಿತವಾಗಿದ್ದವೆನ್ನಲಾಗದು. ಬಾಯಿಮಾತೇ ಸರ್ವಸ್ವವೆಂದು ನಂಬಿ ಅವರು ಶಾಲೆಗಳಲ್ಲಿ ಸನ್ನೆಯ ಭಾಷೆಯನ್ನು ವಿರೋಧಿಸಿದರು. ಇದರಿಂದ ನೊಂದ ಕಿವುಡರು ಅಂದೂ ಇದ್ದರು, ಇಂದೂ ಇದ್ದಾರೆ.

1922ರ ಆಗಸ್ಟ್ 2ರಂದು ಕೆನಡಾ ದೇಶದ ತಮ್ಮ ಮನೆಯಲ್ಲಿ ಬೆಲ್ಲರು ನಿಧನರಾದರು. ಮೇಬಲ್ ಬಳಿಯಲ್ಲಿದ್ದರು. ಅಂತ್ಯಸಂಸ್ಕಾರದ ವೇಳೆ ಉತ್ತರ ಅಮೆರಿಕದ ದೂರವಾಣಿಗಳು ಒಂದು ನಿಮಿಷ ಮೌನವಾಗಿದ್ದವು.