ಸಿಯೆನಾದ ಸಂತ ಕ್ಯಾಥರೀನ್: ಮದುವೆಗೆ ಮಣಿಯದ ಮಗಳು

ಏಪ್ರಿಲ್ 29 ಸಿಯೆನಾದ ಸಂತ ಕ್ಯಾಥರೀನರ ಸ್ಮರಣೆಯ ದಿನ. ಅವಿನ್ಯೋನ್ ನಗರದಲ್ಲಿ ನೆಲೆಸಿದ್ದ ಜಗದ್ಗುರುಗಳನ್ನು ರೋಮಿಗೆ ಮರಳುವಂತೆ ಒತ್ತಾಯಿಸಿದ ಧೀರೆಯೆಂದು ಧರ್ಮಸಭೆಯ ಚರಿತ್ರೆ ಅವರನ್ನು ಕೊಂಡಾಡುತ್ತದೆ. ಅದಕ್ಕೂ ಮುನ್ನ, ಹದಿನೈದರ ಹರೆಯದಲ್ಲಿ, ಸ್ವಂತ ಮನೆಯವರನ್ನೇ ಎದುರಿಸಿ ನಿಂತ ಕ್ಯಾಥರೀನರ ಕಥೆ ನಮ್ಮಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಇಟಲಿಯ ಸಿಯೆನಾದಲ್ಲಿ, ಫೊಂತೆಬ್ರಾಂದಾ ಎಂಬ ಚಿಲುಮೆಯ ಬಳಿ, ಬಟ್ಟೆಗೆ ಬಣ್ಣ ಹಾಕುವವರ ಕೇರಿಯಿತ್ತು. ಅದೇ ಕಸುಬಿನ ಜಾಕೊಮೊ ಬೆನಿನ್ಕಾಸ ಮತ್ತು ಲಾಪಾ ದಂಪತಿಗಳಿಗೆ 1347ರಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದರು. ಅವರಲ್ಲಿ ಬದುಕುಳಿದವಳು ಕ್ಯಾಥರೀನ್. ಲಾಪಾ ಹೆತ್ತ ಮಕ್ಕಳು ಇಪ್ಪತ್ತೈದು ಎನ್ನುತ್ತಾರೆ. ಅಷ್ಟು ಮಕ್ಕಳಲ್ಲಿ ಆಕೆ ತಾನೇ ಕೊನೆಯವರೆಗೂ ಎದೆಹಾಲುಣಿಸಿದ್ದು ಇವಳೊಬ್ಬಳಿಗೆ. ಮಗಳ ಮೇಲೆ ತಾಯಿಗಿದ್ದ ಮೋಹಕ್ಕೆ ಅದೂ ಒಂದು ಕಾರಣ.

ಏಳನೆಯ ವಯಸ್ಸಿನಲ್ಲೇ ಬಾಲಕಿ ತನ್ನ ಬಾಳು ಕ್ರಿಸ್ತನಿಗೆ ಮೀಸಲೆಂದು ಮನದಲ್ಲಿ ಹರಕೆ ಹೊತ್ತಿದ್ದಳು. ಮನೆಯವರಿಗೆ ಅದರ ಸುಳಿವಿರಲಿಲ್ಲ. ಹನ್ನೆರಡು ತುಂಬುತ್ತಲೇ ಅಂದಿನ ವಾಡಿಕೆಯಂತೆ ವರನ ಹುಡುಕಾಟ ಆರಂಭವಾಯಿತು. ಮುಖ ತೊಳೆದು, ತಲೆ ಬಾಚಿ, ನಾಲ್ವರ ಕಣ್ಣಿಗೆ ಚೆಂದ ಕಾಣುವಂತಿರಬೇಕೆಂದು ತಾಯಿಯ ಕಟ್ಟಪ್ಪಣೆ. ಮಗಳು ಒಪ್ಪಲಿಲ್ಲ. ಕೊನೆಗೆ, ಅದಾಗಲೇ ಮದುವೆಯಾಗಿದ್ದ ಅಕ್ಕ ಬೊನವೆಂತೂರಾಳ ಪ್ರೀತಿಯ ಮಾತಿಗೆ ಸೋತು ಕೆಲಕಾಲ ಅಲಂಕಾರಕ್ಕೆ ಒಡ್ಡಿಕೊಂಡಳು. 1362ರಲ್ಲಿ ಆ ಅಕ್ಕ ಹೆರಿಗೆಯಲ್ಲಿ ತೀರಿಕೊಂಡಳು.

ಈ ಸಾವು ಕ್ಯಾಥರೀನಳ ನಿರ್ಧಾರವನ್ನು ಬಲಪಡಿಸಿತೆಂದು ಚರಿತ್ರಕಾರರು ಬರೆಯುತ್ತಾರೆ. ಲೌಕಿಕ ಸುಖದ ಕ್ಷಣಿಕತೆಯನ್ನು ಅದು ತೋರಿತೆಂಬುದು ಅವರ ವಿವರಣೆ. ಅದು ನಿಜವೇ ಇರಬಹುದು. ಆದರೆ ಇಪ್ಪತ್ತೈದು ಹೆರಿಗೆಗಳನ್ನು ಕಂಡ ಮನೆಯಲ್ಲಿ ಬೆಳೆದು, ಒಡಹುಟ್ಟಿದ ಅಕ್ಕ ಹೆರಿಗೆಯಲ್ಲೇ ಅಳಿದುದನ್ನು ನೋಡಿದ ಹುಡುಗಿಗೆ ವಿವಾಹವೆಂದರೇನು ಎಂಬುದನ್ನು ಬೇರೆ ಯಾರೂ ತಿಳಿಸಿಕೊಡಬೇಕಾಗಿರಲಿಲ್ಲ ಎಂದು ನನಗೆ ತೋರುತ್ತದೆ.

ಮನೆಯವರು ಯೋಚಿಸಿದ್ದು ಬೇರೆಯೇ ರೀತಿಯಲ್ಲಿ. ಒಬ್ಬ ಮಗಳು ಹೋದಳು, ಅವಳಿಂದ ಬೆಳೆದಿದ್ದ ನಂಟಸ್ತಿಕೆಯ ಬಲವೂ ಹೋಯಿತು. ಇನ್ನೊಬ್ಬಳ ಮದುವೆಯಿಂದ ಅದನ್ನು ತುಂಬಿಕೊಳ್ಳಬೇಕು. ಒತ್ತಾಯ ಇಮ್ಮಡಿಯಾಯಿತು. ಹುಡುಗಿಯ ಮನವೊಲಿಸಲು ತೊಮ್ಮಾಸೊ ದೆಲ್ಲಾ ಫೊಂತೆ ಎಂಬ ಡೊಮಿನಿಕನ್ ಗುರುಗಳನ್ನು ಕರೆಸಿದರು. ತಬ್ಬಲಿಯಾಗಿ ಬೆನಿನ್ಕಾಸರ ಮನೆಯಲ್ಲೇ ಬೆಳೆದವರು ಅವರು. ಅವಳ ದೃಢತೆಯನ್ನು ಕಂಡ ಗುರುಗಳು ಬಂದ ಕೆಲಸವನ್ನು ಮರೆತು, ನಿಶ್ಚಯ ಅಷ್ಟು ಗಟ್ಟಿಯಾಗಿದ್ದರೆ ಕೂದಲು ಕತ್ತರಿಸಿಕೊಳ್ಳೆಂದು ಸಲಹೆಯಿತ್ತರು. ಅವಳು ಒಡನೆಯೇ ಕತ್ತರಿ ಹಿಡಿದು, ನೀಳವಾದ ಸುಂದರ ಕೇಶರಾಶಿಯನ್ನು ಬುಡಮಟ್ಟ ಕತ್ತರಿಸಿ, ತಲೆಗೆ ಬಟ್ಟೆ ಹೊದ್ದಳು. ಲಾಪಾ ಆ ಬಟ್ಟೆಯನ್ನು ಕಿತ್ತೆಳೆದಾಗ ಎದ್ದ ಕೂಗಿಗೆ ಮನೆಮಂದಿಯೆಲ್ಲ ನೆರೆದರು.

ಶಿಕ್ಷೆ ಆರಂಭವಾಯಿತು. ಕೆಲಸದವಳನ್ನು ಬಿಡಿಸಿ, ಆ ದೊಡ್ಡ ಸಂಸಾರದ ಅಡುಗೆ, ಮುಸುರೆ, ಚಾಕರಿಗಳನ್ನೆಲ್ಲ ಇವಳ ತಲೆಗೆ ಕಟ್ಟಿದರು. ಅವಳ ಕೋಣೆಯನ್ನು ಕಸಿದುಕೊಂಡರು. ಒಂಟಿಯಾಗಿ ಕುಳಿತು ಪ್ರಾರ್ಥಿಸಲು ಒಂದು ಮೂಲೆಯೂ ಇರಬಾರದೆಂಬುದು ಅವರ ಉದ್ದೇಶ. ಬೈಗುಳ, ಮೂದಲಿಕೆಗಳಿಗೆ ಮಿತಿಯಿರಲಿಲ್ಲ. ಕೂದಲು ಮತ್ತೆ ಬೆಳೆಯುತ್ತದೆ, ಆಗ ಮದುವೆ ಮಾಡಿಯೇ ತೀರುತ್ತೇವೆಂಬ ಬೆದರಿಕೆ ಬೇರೆ.

ಅವಳು ಅಳುತ್ತಾ ಕೂರಲೂ ಇಲ್ಲ, ಮಣಿಯಲೂ ಇಲ್ಲ. ತಂದೆಯನ್ನು ಯೇಸುಸ್ವಾಮಿಯೆಂದೂ ತಾಯಿಯನ್ನು ಮಾತೆ ಮರಿಯಮ್ಮನೆಂದೂ ಅಣ್ಣಂದಿರನ್ನು ಪ್ರೇಷಿತರೆಂದೂ ಭಾವಿಸಿ, ಲವಲವಿಕೆಯಿಂದ ಬಡಿಸಿದಳು. ಕೋಣೆಯಿಲ್ಲದ ಹುಡುಗಿ ಎದೆಯೊಳಗೊಂದು ಕೋಣೆ ಕಟ್ಟಿಕೊಂಡಳು. ಮುಂದೆ ತಮ್ಮ ಶಿಷ್ಯರಿಗೆ ಕ್ಯಾಥರೀನರು ಬೋಧಿಸಿದ ಅಂತರಂಗದ ಗುಡಿಸಲಿನ ಕಲ್ಪನೆ ಮೂಡಿದ್ದು ಈ ಪಾತ್ರೆಪಡಗಗಳ ನಡುವೆ.

ಮೊದಲು ಕರಗಿದವನು ತಂದೆ. ಒಮ್ಮೆ ಪ್ರಾರ್ಥನೆಯಲ್ಲಿದ್ದ ಮಗಳ ತಲೆಯ ಮೇಲೆ ಬಿಳಿಯ ಪಾರಿವಾಳವೊಂದನ್ನು ಅವನು ಕಂಡನೆಂಬ ಪ್ರತೀತಿಯಿದೆ. ಕೆಲದಿನಗಳ ಬಳಿಕ ಮಗಳು ಎಲ್ಲರೆದುರು ತನ್ನ ಹರಕೆಯ ವಿಷಯ ತಿಳಿಸಿ, ಬೇಕಾದರೆ ಮನೆಯಿಂದ ಹೊರಗಟ್ಟಿ, ಮದುವೆಗೆ ಮಾತ್ರ ಒಪ್ಪೆನೆಂದಳು. ಇನ್ನು ಮುಂದೆ ಯಾರೂ ಇವಳನ್ನು ಪೀಡಿಸಕೂಡದೆಂದು ಜಾಕೊಮೊ ಆಜ್ಞಾಪಿಸಿದ. ಕೋಣೆ ಮರಳಿ ದೊರೆಯಿತು.

ಲಾಪಾ ಅಷ್ಟು ಸುಲಭದಲ್ಲಿ ಸೋಲುವವಳಲ್ಲ. ಮನಸ್ಸು ತಿರುಗೀತೆಂದು ಮಗಳನ್ನು ವಿನ್ಯೋನೆಯ ಬಿಸಿನೀರಿನ ಬುಗ್ಗೆಗಳಿಗೆ ಕರೆದೊಯ್ದಳು. ಮಗಳು ಅಲ್ಲಿ ಕುದಿನೀರು ಬಂದು ಬೀಳುವ ಜಾಗಕ್ಕೇ ಹೋಗಿ ಮೈಯೊಡ್ಡಿದಳು. ಓದುವಾಗ ಎದೆ ನಡುಗುತ್ತದೆ; ಇಂತಹ ದೇಹದಂಡನೆಯನ್ನು ಅನುಕರಿಸಿರೆಂದು ಯಾರಿಗೂ ಹೇಳಲಾಗದು. ಆದರೆ ಅವಳ ಕೈಯಲ್ಲಿದ್ದುದು ಅವಳ ದೇಹವೊಂದೇ ಎಂಬುದನ್ನು ಮರೆಯಬಾರದು. ಹಿಂತಿರುಗಿದ ಮೇಲೆ ಮೈತುಂಬ ಬೊಕ್ಕೆಗಳೆದ್ದು ಜ್ವರದಿಂದ ನರಳಿದಳು. ತನ್ನನ್ನು ಡೊಮಿನಿಕನ್ ತೃತೀಯ ಸಭೆಗೆ ಸೇರಿಸಿದರೆ ಮಾತ್ರ ಬದುಕಿಯೇನೆಂದಾಗ, ಹೆದರಿದ ತಾಯಿ ತಾನೇ ಆ ಸೋದರಿಯರ ಬಳಿಗೆ ಓಡಿದಳು. ಅಲ್ಲಿದ್ದವರು ಬಹುತೇಕ ವಿಧವೆಯರು. ಚೆಲುವೆಯಾದ ಹುಡುಗಿಯನ್ನು ಸೇರಿಸಿಕೊಂಡರೆ ಅಪವಾದ ಬಂದೀತೆಂಬ ಅಳುಕು ಅವರದು. ಬಂದು ನೋಡಿದರೆ ಮುಖವೆಲ್ಲ ಬೊಕ್ಕೆ. ಒಪ್ಪಿಗೆ ದೊರೆಯಿತು.

ಬಿಳಿಯ ನಿಲುವಂಗಿ, ಕರಿಯ ಮೇಲುಹೊದಿಕೆ ತೊಟ್ಟು ಕ್ಯಾಥರೀನರು ಅದೇ ಮನೆಯಲ್ಲಿ ಉಳಿದರು. 1374ರಲ್ಲಿ ಪ್ಲೇಗು ಬಂದಾಗ ರೋಗಿಗಳ ಶುಶ್ರೂಷೆ ಮಾಡಿದರು. 1376ರಲ್ಲಿ ಅವಿನ್ಯೋನಿಗೆ ಹೋಗಿ ಹನ್ನೊಂದನೆಯ ಗ್ರೆಗೊರಿಯವರೊಡನೆ ನೇರವಾಗಿ ಮಾತನಾಡಿದರು. ಮರುವರ್ಷ ಜನವರಿಯಲ್ಲಿ ಜಗದ್ಗುರುಗಳು ರೋಮನ್ನು ಪ್ರವೇಶಿಸಿದರು. ಕ್ಯಾಥರೀನರ ಮುನ್ನೂರ ಎಂಬತ್ತಕ್ಕೂ ಮಿಕ್ಕಿದ ಪತ್ರಗಳು ಉಳಿದುಬಂದಿವೆ. 1380ರಲ್ಲಿ, ಮೂವತ್ತಮೂರರ ವಯಸ್ಸಿನಲ್ಲಿ, ರೋಮಿನಲ್ಲಿ ನಿಧನರಾದರು. 1461ರಲ್ಲಿ ಸಂತ ಪದವಿ, 1970ರಲ್ಲಿ ಧರ್ಮಸಭೆಯ ಪಂಡಿತೆ ಎಂಬ ಮನ್ನಣೆ ಸಂದವು.

ಲಾಪಾಳನ್ನು ದುಷ್ಟಳೆಂದು ಕರೆಯಲು ಮನಸ್ಸೊಪ್ಪುವುದಿಲ್ಲ. ಮಗಳ ಕ್ಷೇಮವೆಂದರೆ ಮದುವೆ ಎಂಬುದಲ್ಲದೆ ಬೇರೇನನ್ನೂ ಆಕೆ ಅರಿತಿರಲಿಲ್ಲ. ಗಂಡ 1368ರಲ್ಲಿ ತೀರಿಕೊಂಡಿದ್ದ. ಕಾಲಾನಂತರದಲ್ಲಿ ಆಕೆಯೂ ಮಗಳು ತೊಟ್ಟ ಅದೇ ಕರಿಯ ಹೊದಿಕೆಯನ್ನು ತೊಟ್ಟಳು. ಮಗಳು ಸತ್ತ ಮೇಲೂ ಬದುಕಿದ್ದಳು. ಇಷ್ಟೊಂದು ಮಕ್ಕಳು ಮೊಮ್ಮಕ್ಕಳನ್ನು ಮಣ್ಣು ಮಾಡಿದ ತನ್ನ ಪ್ರಾಣ ಹೊರಬರಲಾಗದಂತೆ ಒಳಗೆ ಅಡ್ಡಲಾಗಿ ಸಿಕ್ಕಿಕೊಂಡಿದೆಯೇನೋ ಎಂದು ಗೊಣಗುತ್ತಿದ್ದಳಂತೆ. ಕ್ಯಾಥರೀನರ ಆಧ್ಯಾತ್ಮಿಕ ಗುರುಗಳಾಗಿದ್ದ ಕಾಪುವಾದ ರೈಮಂಡರು ಜೀವನಚರಿತ್ರೆ ಬರೆಯಲು ಕುಳಿತಾಗ, ಕತ್ತರಿಸಿದ ಕೂದಲಿನ ಕಥೆಯನ್ನೂ ಕಸಿದುಕೊಂಡ ಕೋಣೆಯ ಕಥೆಯನ್ನೂ ಕೇಳಲು ಅವರಿಗಿದ್ದ ಸಾಕ್ಷಿಗಳಲ್ಲಿ ಎಂಬತ್ತರ ಈ ಮುದುಕಿಯೂ ಒಬ್ಬಳು.