ಜಾನ್ ಫೇಯ್ತ್‌ಫುಲ್ ಫ್ಲೀಟ್

ಜಾನ್ ಫೇಯ್ತ್‌ಫುಲ್ ಫ್ಲೀಟ್ (1847 – ಫೆಬ್ರವರಿ 21, 1917) ಬ್ರಿಟಿಷ್ ಆಡಳಿತಾಧಿಕಾರಿ, ಶಾಸನತಜ್ಞ ಹಾಗೂ ಇತಿಹಾಸಕಾರರು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಓದಿ ಪ್ರಕಟಿಸಿದ ಇವರು, ಕರ್ನಾಟಕದ ರಾಜವಂಶಗಳ ಇತಿಹಾಸ ರಚನೆಗೆ ಭದ್ರವಾದ ತಳಹದಿ ಹಾಕಿದರು. ಬೆಳಗಾವಿ ಸೀಮೆಯ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಮಾಡಿಸಿದವರಲ್ಲಿ ಮೊದಲಿಗರೆಂದೂ ಇವರು ಪ್ರಸಿದ್ಧರು.

ಶಿಕ್ಷಣ

ಫ್ಲೀಟ್ ಅವರು ಲಂಡನ್ನಿನ ಮರ್ಚೆಂಟ್ ಟೇಲರ್ಸ್ ಶಾಲೆಯಲ್ಲಿ ವ್ಯಾಸಂಗ ಮಾಡಿದರು. 1865ರಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಆಯ್ಕೆಯಾದರು. ಭಾರತಕ್ಕೆ ಹೊರಡುವ ಮುನ್ನ ಯೂನಿವರ್ಸಿಟಿ ಕಾಲೇಜಿನಲ್ಲಿ ಥಿಯೋಡರ್ ಗೋಲ್ಡ್‌ಸ್ಟುಕರ್ ಅವರ ಬಳಿ ಸಂಸ್ಕೃತವನ್ನು ಅಭ್ಯಸಿಸಿದರು. ಸಂಸ್ಕೃತದ ಅಡಿಪಾಯ ಲಂಡನ್ನಿನಲ್ಲಿ ಬಿದ್ದರೂ, ಅವರ ಕನ್ನಡ ವಿದ್ವತ್ತು ಬೆಳೆದದ್ದು ಕನ್ನಡ ನಾಡಿನಲ್ಲಿ, ಊರೂರಿನ ಗುಡಿಗಳ ಶಾಸನಕಲ್ಲುಗಳ ಮುಂದೆ.

ಸೇವೆ

1867ರಲ್ಲಿ ಮುಂಬಯಿ ಪ್ರಾಂತದ ಸೇವೆಗೆ ಸೇರಿದ ಫ್ಲೀಟ್, 1872ರಲ್ಲಿ ದಕ್ಷಿಣ ವಿಭಾಗದ ವಿದ್ಯಾಧಿಕಾರಿಗಳಾದರು. 1875ರಲ್ಲಿ ಕೊಲ್ಲಾಪುರ ಮತ್ತು ದಕ್ಷಿಣ ಮರಾಠಾ ಸಂಸ್ಥಾನಗಳ ಸಹಾಯಕ ರಾಜಕೀಯ ಪ್ರತಿನಿಧಿಯಾಗಿ ನೇಮಕಗೊಂಡರು. ರಾಮದುರ್ಗವೂ ಆ ಸಂಸ್ಥಾನಗಳಲ್ಲಿ ಒಂದಾಗಿತ್ತು. 1883ರಿಂದ 1886ರವರೆಗೆ ಭಾರತ ಸರ್ಕಾರದ ಶಾಸನತಜ್ಞರಾಗಿದ್ದರು. ಬಳಿಕ ಕಂದಾಯ ಆಡಳಿತಕ್ಕೆ ಮರಳಿ, ಕಮಿಷನರ್ ಹುದ್ದೆಗೆ ಏರಿ, 1897ರಲ್ಲಿ ನಿವೃತ್ತರಾದರು.

ಶಾಸನಗಳ ಅಧ್ಯಯನ

ಫ್ಲೀಟ್ ಅವರ ಆರಂಭದ ಲೇಖನಗಳು ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಪ್ರಕಟವಾದವು. ಸುಗಂಧವರ್ತಿ ಎಂಬ ಪ್ರಾಚೀನ ಹೆಸರಿನ ಸವದತ್ತಿಯಿಂದ ಆಳಿದ ರಟ್ಟರ ಶಾಸನಗಳನ್ನು ಅವರು ಪಾಠ ಹಾಗೂ ಅನುವಾದಸಹಿತ ಹೊರತಂದರು. ಬೈಲಹೊಂಗಲ ಭಾಗದ ನೇಸರಗಿಯ ಶಾಸನವೂ ಈ ಗುಂಪಿಗೆ ಸೇರಿದೆ. ಗೋವೆಯ ಕದಂಬರ ಶಾಸನಗಳನ್ನು ಕುರಿತ ಲೇಖನದಲ್ಲಿ ಕಿತ್ತೂರಿನ ಸಮೀಪದ ದೇಗಾಂವಿಯ ಶಾಸನ ಮತ್ತು ಕಿತ್ತೂರಿನದೇ ಒಂದು ಶಾಸನ ಸೇರಿವೆ. 12ನೆಯ ಶತಮಾನದ ಈ ಕಿತ್ತೂರು ಶಾಸನವು, ಭೂಮಿಯ ಒಡೆತನಕ್ಕಾಗಿ ಇಬ್ಬರು ಆಚಾರ್ಯರ ನಡುವೆ ಹುಟ್ಟಿದ ವ್ಯಾಜ್ಯವನ್ನೂ, ಕಾದ ನೇಗಿಲ ಗುಳವನ್ನು ಹಿಡಿದು ದಿವ್ಯ ಮಾಡಿದ್ದನ್ನೂ ದಾಖಲಿಸಿದೆ. ಪ್ರಾಚೀನ ಕಾಲದ ನ್ಯಾಯ ಪದ್ಧತಿಯನ್ನು ಅರಿಯಲು ಇದು ಅಮೂಲ್ಯ ಆಧಾರವಾಗಿದೆ. ಈಗಿನ ರಾಮದುರ್ಗ ತಾಲ್ಲೂಕಿನ ತೊರಗಲ್ಲಿನ ಶಾಸನವನ್ನು ಅವರು ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಪ್ರಕಟಿಸಿದರು.

ಈ ಬಿಡಿ ಅಧ್ಯಯನಗಳ ಫಲವಾಗಿ 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಅವರ ಗ್ರಂಥ ಹೊರಬಂದಿತು. ಕದಂಬ, ಚಾಲುಕ್ಯ, ರಾಷ್ಟ್ರಕೂಟರ ಜೊತೆಗೆ ರಟ್ಟ, ಸಿಂದ ಮೊದಲಾದ ಸಾಮಂತ ಮನೆತನಗಳ ವಂಶಾವಳಿಯನ್ನೂ ಕಾಲವನ್ನೂ ಶಾಸನಗಳ ಆಧಾರದಿಂದ ನಿರೂಪಿಸಿದ ಕೃತಿ ಇದು. ಗುಪ್ತ ಅರಸರ ಶಾಸನಗಳ ಸಂಪುಟವು 1888ರಲ್ಲಿ ಪ್ರಕಟವಾಯಿತು. ಗುಪ್ತಶಕೆಯು ಕ್ರಿ.ಶ. 319-20ರಲ್ಲಿ ಆರಂಭವಾಯಿತೆಂದು ಅವರು ಅದರಲ್ಲಿ ಸ್ಥಾಪಿಸಿದರು.

ಲಾವಣಿ ಸಂಗ್ರಹ

1885ರಿಂದ ಫ್ಲೀಟ್ ಅವರು ಆರ್.ಸಿ. ಟೆಂಪಲ್ ಅವರೊಡನೆ ಇಂಡಿಯನ್ ಆಂಟಿಕ್ವೆರಿಯ ಸಂಪಾದಕರಾದರು. ಅದೇ ವರ್ಷ ಆ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳ ಪ್ರಕಟಣೆಯನ್ನು ಆರಂಭಿಸಿದರು. ಮೂಲವನ್ನು ಕನ್ನಡ ಲಿಪಿಯಲ್ಲಿಯೇ ಮುದ್ರಿಸಿ ಇಂಗ್ಲಿಷ್ ಅನುವಾದವನ್ನು ಜೊತೆಗೆ ಕೊಟ್ಟರು. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು, ಸರ್ಕಾರ ಹೇರಿದ ವರಮಾನ ತೆರಿಗೆ, ಸಂಗ್ಯಾ – ಇವು ಆ ಲಾವಣಿಗಳ ವಸ್ತುಗಳಲ್ಲಿ ಕೆಲವು. ಸಂಗ್ಯಾ-ಬಾಳ್ಯಾರ ಕಥೆಯು ಬೈಲಹೊಂಗಲಕ್ಕೆ ಸಂಬಂಧಿಸಿದ್ದು, ಸಣ್ಣಾಟವಾಗಿ ಉತ್ತರ ಕರ್ನಾಟಕದಲ್ಲಿ ಮನೆಮಾತಾಗಿದೆ.

ಈ ಸಂಗ್ರಹಕ್ಕೆ ಇತಿಹಾಸದಲ್ಲಿ ವಿಶೇಷ ಮಹತ್ವವಿದೆ. ಕಿತ್ತೂರಿನ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ನಿಧನರಾದರು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಸರ್ಕಾರದ ದಫ್ತರಗಳಲ್ಲಿ ರಾಯಣ್ಣನು ದಂಗೆಕೋರ. ಜನರ ಹಾಡಿನಲ್ಲಿ ವೀರ. ಅವನನ್ನು ಗಲ್ಲಿಗೇರಿಸಿದ ಆಡಳಿತದ ಸೇವೆಯಲ್ಲಿದ್ದ ಅಧಿಕಾರಿಯೇ ಜನರ ಹಾಡನ್ನು ಅಕ್ಷರಕ್ಕಿಳಿಸಿದರು. ಬಾಯಿಂದ ಬಾಯಿಗೆ ಸಾಗುತ್ತಿದ್ದ ಲಾವಣಿಗೆ ಹೀಗೆ 19ನೆಯ ಶತಮಾನದ ಲಿಖಿತ ಪಾಠವೊಂದು ದೊರೆಯಿತು. ಕಿತ್ತೂರು ಹೋರಾಟದ ಜನಪರ ನೆನಪನ್ನು ಅರಿಯಬಯಸುವ ಸಂಶೋಧಕರಿಗೆ ಅದು ಇಂದಿಗೂ ಆಕರವಾಗಿದೆ.

ವಿಮರ್ಶೆ

ಫ್ಲೀಟ್ ಅವರು ಶಾಸನಗಳ ಸಾಚಾತನವನ್ನು ಒರೆಗೆ ಹಚ್ಚುವುದರಲ್ಲಿ ಬಹಳ ಕಟ್ಟುನಿಟ್ಟು. ತಲಕಾಡಿನ ಗಂಗರ ಅನೇಕ ತಾಮ್ರಪಟಗಳನ್ನು ಕೂಟಶಾಸನಗಳೆಂದು ತಳ್ಳಿಹಾಕಿದ್ದರಿಂದ, ಮೈಸೂರಿನ ಬಿ.ಎಲ್. ರೈಸ್ ಅವರೊಡನೆ ದೀರ್ಘ ವಾದವಿವಾದ ನಡೆಯಿತು. ಅವುಗಳಲ್ಲಿ ಕೆಲವನ್ನು ನಂತರದ ವಿದ್ವಾಂಸರು ಸಾಚಾ ಎಂದು ಒಪ್ಪಿದ್ದಾರೆ. ಆದರೂ ಲಿಪಿ, ಭಾಷೆ ಮತ್ತು ಕಾಲಗಣನೆ ಮೂರನ್ನೂ ಪರೀಕ್ಷಿಸಿಯೇ ಶಾಸನವನ್ನು ನಂಬಬೇಕೆಂಬ ಅವರ ಕ್ರಮವು ಕರ್ನಾಟಕದ ಶಾಸನಶಾಸ್ತ್ರದಲ್ಲಿ ನೆಲೆಗೊಂಡಿತು.

ಕೊನೆಯ ವರ್ಷಗಳು

ನಿವೃತ್ತಿಯ ನಂತರ ಫ್ಲೀಟ್ ಇಂಗ್ಲೆಂಡಿಗೆ ಮರಳಿ ಲಂಡನ್ ಬಳಿಯ ಈಲಿಂಗ್‌ನಲ್ಲಿ ನೆಲೆಸಿದರು. ಅಲ್ಲಿಂದಲೂ ಶಾಸನ ಹಾಗೂ ಕಾಲಗಣನೆಯ ಕುರಿತು ಲೇಖನಗಳನ್ನು ಬರೆಯುತ್ತಿದ್ದರು. ರಾಯಲ್ ಏಷಿಯಾಟಿಕ್ ಸೊಸೈಟಿಯ ಗೌರವ ಕಾರ್ಯದರ್ಶಿಯಾಗಿ ಸೇವೆ ಸಲ್ಲಿಸಿದ ಅವರಿಗೆ 1912ರಲ್ಲಿ ಆ ಸಂಸ್ಥೆಯ ಚಿನ್ನದ ಪದಕ ದೊರೆಯಿತು. ಅವಿವಾಹಿತರಾಗಿದ್ದ ಫ್ಲೀಟ್ 1917ರಲ್ಲಿ ಈಲಿಂಗ್‌ನಲ್ಲಿಯೇ ನಿಧನರಾದರು.